ಪೇರ್ಡಾ ಅನ್‌ಪೇರ್ಡಾ, ಮೇಡಂನ ಕೇಳಿ

ಹಾಲುಕೆನೆ: ನಮಸ್ತೆ ಮೇಡಂ, 14 ಹಸು, ಮೇವು ಬದಲಾಯಿಸೋ ಮುಂಚೆ ಹಾಲೆಷ್ಟು ಆಮೇಲೆಷ್ಟು ಅಂತ ಬರ್ಕೊಂಡಿದೀನಿ. ಸರಾಸರಿಗಳ ವ್ಯತ್ಯಾಸ ನಿಜವಾ ಆಕಸ್ಮಿಕವಾ ಅಂತ ನೋಡೋ ಟಿ ಟೆಸ್ಟಲ್ಲಿ ಯಾವ್ದು ಹಾಕ್ಲಿ, ಪೇರ್ಡಾ ಅನ್‌ಪೇರ್ಡಾ?

ಮೇಡಂ: ಅದೇ ಹಸು ಎರಡು ಸಲ. ಪೇರ್ಡ್, ಅಂದ್ರೆ ಜೋಡಿ ಟೆಸ್ಟ್.

ಕುಂಡದಗಿಡ: ನಂದು ಗೊಬ್ಬರ ಹಾಕಿದ 10 ಕುಂಡ, ಹಾಕದ 10 ಕುಂಡ. ಸಂಖ್ಯೆ ಸಮ ಇದ್ರೆ ಪೇರ್ಡ್ ಅಂತ ವಾಟ್ಸಾಪಲ್ಲಿ ಚಾರ್ಟ್ ಬಂದಿತ್ತು.

ಮೇಡಂ: ಆ ಚಾರ್ಟ್ ಡಿಲೀಟ್ ಮಾಡ್ರಿ, ಸಾಕಾಗಿದೆ. ಗಂಡಿನ ಕಡೆ 100 ಹೆಣ್ಣಿನ ಕಡೆ 100 ಜನ ಬಂದ್ರೆ ಛತ್ರದಲ್ಲಿ 100 ಮದುವೆ ಆಗುತ್ತಾ? ಮೂರನೇ ಕುಂಡದ ಜೋಡಿ ಆ ಕಡೆ ಯಾವ್ದು ಅಂತ ಹೇಳಕ್ಕಾಗಲ್ಲ ಅಂದ್ರೆ ಅನ್‌ಪೇರ್ಡ್. ಅನ್‌ಪೇರ್ಡ್ ಟಿ ಟೆಸ್ಟಲ್ಲೇ ವೆಲ್ಚ್ ಅನ್ನೋ ರೂಪ ಇದೆ, ಅದು ಹಾಕಿ.

ಹೊಸಬ: ಮೇಡಂ ಸ್ಯಾಂಪಲ್ ಸೈಜ್ ಎಷ್ಟಿರ್ಬೇಕು?

ಹಾಲುಕೆನೆ: ಪಿ (ಮೇವಿಂದ ಏನೂ ಆಗದಿದ್ರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣೋ ಸಂಭವ) 0.0001ಕ್ಕಿಂತ ಕಮ್ಮಿ ಬಂತು ಮೇಡಂ!! ನೀಟಾಗಿರ್ಲಿ ಅಂತ ಎಕ್ಸೆಲ್‌ನಲ್ಲಿ ಎರಡೂ ಕಾಲಂ ಸಾರ್ಟ್ ಮಾಡ್ಕೊಂಡೆ.

ಮೇಡಂ: ತಡೀರಿ. ಬೇರೆ ಬೇರೆಯಾಗಿ ಸಾರ್ಟ್ ಮಾಡಿದ್ರಾ? ಹಾಗಾದ್ರೆ ಒಂದು ಸಾಲಲ್ಲಿ ಮುಂಚಿನದು ಒಂದು ಹಸುದು ಆಮೇಲಿನದು ಇನ್ಯಾವುದೋ ಹಸುದು, ಕಮ್ಮಿ ಹಾಲಿನ ಪಕ್ಕ ಕಮ್ಮಿ, ಜಾಸ್ತಿ ಪಕ್ಕ ಜಾಸ್ತಿ ಬಂದು ಕೂತು ವ್ಯತ್ಯಾಸಗಳೆಲ್ಲ ಒಂದೇ ಥರ ಕಾಣುತ್ವೆ, ಅವುಗಳ ಎಸ್‌ಡಿ, ಅಂದ್ರೆ ಹರಡಿಕೆ, ಕುಗ್ಗಿ ಟಿ ಉಬ್ಬುತ್ತೆ, ಪಿ ಇಳಿಯುತ್ತೆ. ಆ ಪಿ ಸುಳ್ಳು. ಜೋಡಿ ಎಷ್ಟು ಮುಖ್ಯ ಅಂದ್ರೆ, ಗಿನ್ನೆಸ್ ಬಿಯರ್ ಕಂಪನೀಲಿದ್ದ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಅನ್ನೋ ಹೆಸರಲ್ಲಿ ಬರೆದ ಪೇಪರಲ್ಲಿ ನಿದ್ದೆ ಔಷಧಿ ಡೇಟಾ ಇದೆ, 10 ಜನ, ಪ್ರತಿಯೊಬ್ರಿಗೂ ಎರಡೂ ಔಷಧಿ. ಆರ್ ಸಾಫ್ಟ್‌ವೇರಲ್ಲಿ ಸ್ಲೀಪ್ ಅಂತ ಈಗ್ಲೂ ಸಿಗುತ್ತೆ. ಪೇರ್ಡ್ ಮಾಡಿದ್ರೆ ಪಿ 0.003 ಹತ್ರ, ಜೋಡಿ ಮರೆತ್ರೆ 0.079. ಅವೇ ಅಂಕಿ! ನೀವು ಇಲ್ಲದ ಜೋಡಿ ಕಟ್ಟಿದೀರ. ಕಿವಿಯೋಲೆ ನಂಬರ್ ಇರೋ ಶೀಟ್ ಇದೆಯಾ? ಗೈಡಿಗೆ ಕಳಿಸ್ಬೇಡಿ.

ಬೋರೇಗೌಡನಮೊಮ್ಮಗ: 30ಕ್ಕಿಂತ ಕಮ್ಮಿ ಇದ್ರೆ ಟಿ ಟೆಸ್ಟೇ ಮಾಡಂಗಿಲ್ಲ. ಅಂಕಿ ಬದಲು ರ್‍ಯಾಂಕ್ ನೋಡೋ ವಿಲ್ಕಾಕ್ಸನ್ ಟೆಸ್ಟ್ ಮಾಡಿ.

ಲ್ಯಾಬ್‌ಇಲಿ: ಮೇಲೆ 10 ಜನ ಅಂತ ಬರ್ದಿರೋದು ಕಾಣಲ್ವಾ? ಕಮ್ಮಿ ಸ್ಯಾಂಪಲ್‌ಗೇ ಟಿ ಹುಟ್ಟಿದ್ದು.

ಬೋರೇಗೌಡನಮೊಮ್ಮಗ: ಪುಸ್ತಕದಲ್ಲಿದೆ.

ಲ್ಯಾಬ್‌ಇಲಿ: ಯಾವ ಪುಸ್ತಕ, ಫೋಟೋ ಹಾಕಿ.

ಬೋರೇಗೌಡನಮೊಮ್ಮಗ: ನಿಮಗ್ಯಾಕ್ರೀ ಹಾಕ್ಲಿ, ನೀವೇನು ಎಕ್ಸಾಮಿನರಾ?

ಹಳ್ಳಿಡಾಕ್ಟ್ರು: ನೀವಿಬ್ರೂ ಹಸು ಮರೆತ್ರಿ. ಕರು ಹಾಕಿ ಒಂದೆರಡು ತಿಂಗಳಾದ್ಮೇಲೆ ಹಾಲು ತಾನಾಗೇ ಇಳಿಯುತ್ತೆ, ಮೇವು ಬದಲಾಯಿಸದ ಹಸುಗಳು ಎಲ್ಲಿ?

ಮೇಡಂ: ಈ ಪ್ರಶ್ನೆ ಸರಿಯಾಗಿದೆ ಡಾಕ್ಟ್ರೇ. ಪೇರ್ಡ್ ಮಾಡಿದ್ರೂ ಅದಕ್ಕೆ ಉತ್ತರ ಸಿಗಲ್ಲ.

ಪಾಸಾದ್ರೆಸಾಕು: ಎರಡೂ ಟೆಸ್ಟ್ ಮಾಡಿ ಪಿ ಕಮ್ಮಿ ಬಂದಿದ್ದು ಬರ್ಕೊಬೋದಾ?

ಮೇಡಂ: ಇಲ್ಲ.

ಹೊಸಬ: ಮೇಡಂ ಸ್ಯಾಂಪಲ್ ಸೈಜ್??

ಹಾಲುಕೆನೆ: ಸಾರ್ಟ್ ಮಾಡಿದ್ದನ್ನೇ ಸೇವ್ ಮಾಡ್ಬಿಟ್ಟಿದೀನಿ ಮೇಡಂ 😭 ಕೊಟ್ಟಿಗೇಲಿ ಬರೆದ ನೋಟ್‌ಬುಕ್ ಇದೆ.

ಮೇಡಂ: ಬಚಾವಾದ್ರಿ. ಓಲೆ ನಂಬರ್ ನೋಡ್ಕೊಂಡು ಮತ್ತೆ ಟೈಪ್ ಮಾಡಿ.

ಬಿಳಿಕೋಟು: 20 ಇಲಿ ಈ ಕಡೆ 20 ಇಲಿ ಆ ಕಡೆ, ಸಮ ಇದೆ, ಪೇರ್ಡ್ ತಾನೆ?

ಮೇಡಂ: ಮೇಲೆ ಓದ್ರಿ.