ಅಪ್‌ಡೇಟ್: ಗ್ರಾಂ/ಸೆಂ.ಮೀ³ನಿಂದ ಕೆ.ಜಿ/ಮೀ³ಗೆ, ಲೆಕ್ಕ ಕೂತಿತು

ಅಲ್ಯೂಮಿನಿಯಂನ ಸಾಂದ್ರತೆ 2.7 ಗ್ರಾಂ/ಸೆಂ.ಮೀ³ ಇದ್ದದ್ದು ಕೆ.ಜಿ/ಮೀ³ನಲ್ಲಿ 2700 ಹೇಗಾಗುತ್ತೆ ಅಂತ ಕೇಳಿದ್ದೆ. ಉತ್ತರ ಬರೆದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೈಹಿಡಿದಿದ್ದು "ಮಾನಗಳನ್ನೂ ಸಂಖ್ಯೆಗಳ ಹಾಗೇ ಬರೆದು, ಮೇಲೆ ಕೆಳಗೆ ಹೊಡೆದುಹಾಕಿ" ಅನ್ನೋ ಸಲಹೆ. 1 ಮೀ = 10² ಸೆಂ.ಮೀ ತಾನೇ? ಘನಮಾನಕ್ಕೆ ಬಂದಾಗ ಆ 10²ನ್ನೂ ಘನ ಮಾಡಬೇಕು, ಅಂದರೆ 10⁶ರಿಂದ ಗುಣಿಸಬೇಕು. ಗ್ರಾಂ ಕೆ.ಜಿ ಆಗೋಕೆ 10³ರಿಂದ ಭಾಗಿಸಬೇಕು. ಉಳಿಯೋದು 2.7 × 10³. ಪಾದರಸದ 13.6ಕ್ಕೂ ಇದೇ ದಾರಿ: 1.36 × 10⁴.

ದಶಮಾಂಶ ಬಿಂದುವನ್ನು ಇಷ್ಟು ಸ್ಥಾನ ಸರಿಸಿ ಅನ್ನೋ ಬಾಯಿಪಾಠದ ಉಪಾಯ ಉದ್ದಕ್ಕೆ ಸರಿಹೋಯಿತು, ಘನಮಾನಕ್ಕೆ ಉಪಯೋಗವಾಗಲಿಲ್ಲ.

ನನಗೆ ನಿಜಕ್ಕೂ ಅಚ್ಚರಿ ಅನಿಸಿದ್ದು ಬೇರೆ. ಎಸ್‌ಐ (ಅಂತರರಾಷ್ಟ್ರೀಯ ಅಳತೆ) ಪದ್ಧತಿಯ 7 ಮೂಲಮಾನಗಳಲ್ಲಿ ಹೆಸರಿನಲ್ಲೇ 'ಕಿಲೋ' ಇರೋದು ಕಿಲೋಗ್ರಾಂ ಒಂದಕ್ಕೇ! ಶಕ್ತಿ ಅಳೆಯೋ ಜೂಲ್, ಬಲ ಅಳೆಯೋ ನ್ಯೂಟನ್ ಎಲ್ಲ ಕೆ.ಜಿ ಮೇಲೆ ನಿಂತಿವೆ. ಹಾಗಾಗಿ ಚಲನಶಕ್ತಿಯ ½mv² (m ದ್ರವ್ಯರಾಶಿ, v ವೇಗ) ಥರದ ಸೂತ್ರಕ್ಕೆ ಗ್ರಾಂ ಹಾಕಿದರೆ ಜೂಲ್ ಲೆಕ್ಕ 1000 ಪಟ್ಟು ಹೆಚ್ಚು ಬರುತ್ತೆ. 2019ರಿಂದ ಕೆ.ಜಿ.ಯನ್ನು ಲೋಹದ ತೂಕದ ಗುಂಡಿನ ಬದಲು ಪ್ಲಾಂಕ್ ಸ್ಥಿರಾಂಕದಿಂದ (ಭೌತಶಾಸ್ತ್ರದ ಒಂದು ಬದಲಾಗದ ಬೆಲೆ) ವ್ಯಾಖ್ಯಾನಿಸ್ತಾರಂತೆ.

ಇನ್ನೊಂದು, ಕ್ಯಾಲ್ಕುಲೇಟರ್‌ನಲ್ಲಿ 10³ ಬೇಕಿದ್ದರೆ 1 ಒತ್ತಿ, EXP (10ರ ಘಾತ ಹಾಕೋ ಕೀಲಿ) ಒತ್ತಿ, 3 ಒತ್ತಿ. 10 ಒತ್ತಿ ಶುರುಮಾಡಿದರೆ 10⁴ ಆಗುತ್ತೆ.