ಲೇಸರ್ ಮೈಕ್ರೋಡಿಸೆಕ್ಷನ್‌ಗೆ ‘ಅಂಗಛೇದನ’ ಸರಿಯೇ?

ದಾವಣಗೆರೆಯಿಂದ:

ಗೆಳೆಯರೇ, ಬಾಯಿ ಕ್ಯಾನ್ಸರ್ ಅಧ್ಯಯನವೊಂದರ ಒಪ್ಪಿಗೆ ಪತ್ರ ಕನ್ನಡಕ್ಕೆ ಬರಬೇಕಿದೆ. ಅದರಲ್ಲಿ ‘ಲೇಸರ್ ಮೈಕ್ರೋಡಿಸೆಕ್ಷನ್’ ಅಂತ ಬರುತ್ತದೆ, ಅಂದರೆ ದೇಹದಿಂದ ತೆಗೆದ ತುಣುಕಿನಲ್ಲಿ ಬೇಕಾದ ಜೀವಕೋಶಗಳನ್ನಷ್ಟೇ ಸೂಕ್ಷ್ಮದರ್ಶಕದಡಿ ಲೇಸರಿನಿಂದ ಬೇರೆ ಮಾಡುವ ಕೆಲಸ. ಕೈಗೆ ಬಂದ ಕರಡಿನ ಸಾಲು ಹೀಗಿದೆ: ‘ತಮ್ಮಿಂದ ಪಡೆದ ಊತಕ ಮಾದರಿಯನ್ನು ಲೇಸರ್ ಸೂಕ್ಷ್ಮ ಅಂಗಛೇದನಕ್ಕೆ ಒಳಪಡಿಸಿ ಪ್ರತ್ಯೇಕಿಸಲಾಗುವುದು.’

ಇದನ್ನು ಓದಬೇಕಾದವರು ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯಿಂದ ಬರುವ, ಅಡಿಕೆ ಗುಟ್ಕಾ ಜಗಿದು ಬಾಯಿ ಕೆಟ್ಟವರು. ‘ಅಂಗಛೇದನ’ ಅಂದರೆ ಅವರ ಲೆಕ್ಕದಲ್ಲಿ ಕೈಯೋ ಕಾಲೋ ತೆಗೆಯುವುದು. ‘ಲೇಸರ್’ ಅಂದರೆ ಕಣ್ಣಿಗೋ ಕಿಡ್ನಿ ಕಲ್ಲಿಗೋ ‘ಹೊಡೆಸುವ’ ಚಿಕಿತ್ಸೆ. ಎರಡೂ ಒಂದೇ ಸಾಲಿನಲ್ಲಿ ಬಂದರೆ ದವಡೆಗೇ ಕೈ ಹಾಕುತ್ತಾರೆ ಅಂದುಕೊಳ್ಳುವುದು ಸಹಜ. ಹಾಗಂತ ‘ಲೇಸರ್ ಮೈಕ್ರೋಡಿಸೆಕ್ಷನ್’ ಅಂತಷ್ಟೇ ಬರೆದರೆ ಅವರು ಒಪ್ಪಿದ್ದು ಯಾವುದಕ್ಕೆ ಅಂತ ಅವರಿಗೇ ತಿಳಿಯುವುದಿಲ್ಲ. ‘ಛೇದನ’ ಬಿಟ್ಟು ಬೇರೆ ಪದ ಉಂಟೇ? ‘ಊತಕ’, ‘ಮಾದರಿ’ ಇರಬೇಕೇ?

ಚಿತ್ರದುರ್ಗದಿಂದ:

ಮೇಡಂ, ಮೊದಲು ಕೆಲಸ ಏನು ನೋಡೋಣ, ಪದ ತಾನಾಗಿ ಬರುತ್ತದೆ.

ಬಯಾಪ್ಸಿಯಲ್ಲಿ ತೆಗೆದ ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ ಕಂಡು, ಮೇಣದ ಬ್ಲಾಕ್ ಆಗಿರುತ್ತದೆ. ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ ಅದರಿಂದ 5ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ದಪ್ಪದ ಸೆಕ್ಷನ್, ಅಂದರೆ ತೆಳು ಹಾಳೆ, ತೆಗೆಯುತ್ತಾರೆ. ಅದನ್ನು ಕೂರಿಸುವುದು ಬರೀ ಗಾಜಿನ ಮೇಲಲ್ಲ, ಪಾಲಿಥಿಲೀನ್ ನ್ಯಾಫ್ತಲೇಟ್ ಎಂಬ ತೆಳು ಪೊರೆ ಇರುವ ಸ್ಲೈಡಿನ ಮೇಲೆ. ಮೇಣ ಕರಗಿಸಿ, ಬಣ್ಣ ಹಾಕಿ, ಮೇಲೆ ಮುಚ್ಚುವ ತೆಳು ಗಾಜು, ಕವರ್‌ಸ್ಲಿಪ್, ಇಡದೆ ಒಣಗಿಸುತ್ತಾರೆ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆಯಲ್ಲಿ ಬೇಕಾದ ಜಾಗದ ಸುತ್ತ ಗೆರೆ ಎಳೆದರೆ ಅತಿನೇರಳೆ ಲೇಸರ್ ಆ ಗೆರೆಗುಂಟ ಪೊರೆ ಸಮೇತ ಕೊರೆಯುತ್ತದೆ. ಕೆಲವು ಯಂತ್ರಗಳಲ್ಲಿ ಸ್ಲೈಡು ಬೋರಲಾಗಿರುತ್ತದೆ, ಕೊರೆದ ಚೂರು ತನ್ನ ಭಾರಕ್ಕೆ ಕೆಳಗಿನ ಟ್ಯೂಬಿನ ಮುಚ್ಚಳಕ್ಕೆ ಬೀಳುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಲೇಸರಿನ ಒಂದೇ ಏಟು ಅದನ್ನು ಮೇಲಿನ ಮುಚ್ಚಳಕ್ಕೆ ಚಿಮ್ಮಿಸುತ್ತದೆ.

1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಪ್ರಕಟಿಸಿದ ವಿಧಾನದಲ್ಲಿ ಈ ಕೊಯ್ತವೂ ಇಲ್ಲ. ಅಲ್ಲಿ ಲೇಸರ್ ಒಂದು ಪ್ಲಾಸ್ಟಿಕ್ ಹಾಳೆಯನ್ನು ಚುಕ್ಕೆಯಷ್ಟು ಮೆತ್ತಗೆ ಮಾಡುತ್ತದೆ. ಕೆಳಗಿನ ಜೀವಕೋಶಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಹಾಳೆ ಎತ್ತಿದರೆ ಅವೂ ಎದ್ದು ಬರುತ್ತವೆ. ಛೇದನವೇ ಇಲ್ಲದ ಕಡೆ ‘ಛೇದನ’ ಅಂದರೆ ಹೇಗೆ? ಇಂಗ್ಲಿಷ್ ಹೆಸರಿನಲ್ಲೂ ಆಗ ‘ಕ್ಯಾಪ್ಚರ್’ (ಹಿಡಿಯುವುದು) ಸೇರಿತ್ತು.

ಎರಡರಲ್ಲೂ ಆಗುವುದು ಬಿಡಿಸುವುದು. ಬಾಯಿ ಕ್ಯಾನ್ಸರಿನ ಸ್ಲೈಡು ನೋಡಿದವರಿಗೆ ಗೊತ್ತು: ಗಡ್ಡೆಯ ಕೋಶಗಳು ದ್ವೀಪ ದ್ವೀಪವಾಗಿ ನಿಂತಿರುತ್ತವೆ, ಕೆಲವದರ ನಡುವೆ ಕೆರಟಿನ್ ಮುತ್ತು (ಉಗುರು, ಕೂದಲಲ್ಲಿರುವ ಪ್ರೋಟೀನಿನ ಉಂಡೆ), ಸುತ್ತ ನಾರು, ನಾರಿನ ತುಂಬ ಬಿಳಿ ರಕ್ತಕಣ. ಹಿರಿಯೂರು, ಹೊಸದುರ್ಗದ ದಾಳಿಂಬೆ ಒಡೆದ ಹಾಗೆ, ಕಾಳು ಒಂದು ಕಡೆ, ಬಿಳಿ ಪೊರೆ ಒಂದು ಕಡೆ. ಎಲ್ಲವನ್ನೂ ಒಟ್ಟಿಗೆ ಅರೆದರೆ ನಾರಿನ, ರಕ್ತಕಣದ ಡಿಎನ್‌ಎ ಗಡ್ಡೆಯದರ ಜೊತೆ ಬೆರೆತು, ಹುಡುಕುವ ಬದಲಾವಣೆ ಅದರಲ್ಲಿ ಮುಳುಗಿ ಕಾಣದೆ ಹೋಗುತ್ತದೆ. ದಾಳಿಂಬೆಯನ್ನು ನಾವು ಛೇದಿಸುವುದಿಲ್ಲ, ಬಿಡಿಸುತ್ತೇವೆ. ಹತ್ತಿಯನ್ನೂ ಅಷ್ಟೇ, ಸಿಪ್ಪೆ ಗಿಡದಲ್ಲೇ ಬಿಟ್ಟು.

‘ಊತಕ’ ಬೇಡವೇ ಬೇಡ. ಶಾಲೆಯ ಪುಸ್ತಕದಿಂದ ಎಲ್ಲರಿಗೂ ಬಂದದ್ದು ‘ಅಂಗಾಂಶ’. ಬಾಯಿ ಊದಿಕೊಂಡು ಬಂದವರು ‘ಊತಕ’ ಓದಿದರೆ ಬಾವಿನ ಮಾತೇ ಅಂದುಕೊಳ್ಳುತ್ತಾರೆ. ‘ಮಾದರಿ’ ಕೂಡ ಜಾರುತ್ತದೆ. ‘ಮಾದರಿ ಶಾಲೆ’ ಅನ್ನುವಾಗಿನ ಮಾದರಿ ಬೇರೆ. ‘ನಮೂನೆ’ ಅಂದರೆ ರೈತರಿಗೆ ನೆನಪಾಗುವುದು ಬಗರ್‌ಹುಕುಂ ಅರ್ಜಿಯ ನಮೂನೆ 53, 57. ‘ತುಣುಕು’ ಸಾಕು. ಪ್ರಯೋಗಾಲಯದವರ ಕಾಗದದಲ್ಲಿ ‘ಸ್ಯಾಂಪಲ್’ ಇರಲಿ.

ದಾವಣಗೆರೆಯಿಂದ, ಪ್ರಯೋಗಾಲಯದ ಕಡೆಯಿಂದ:

‘ಬಿಡಿಸು’ ಪದಕ್ಕೆ ನನ್ನದೂ ಒಂದು ಮತ, ಆದರೆ ಕಾರಣ ಬೇರೆ. ನಮ್ಮ ಕೆಲಸದಲ್ಲಿ ಮಾತು ಹುಟ್ಟುವುದೇ ಕೆಟ್ಟಾಗ. ‘ಬಿಡಿಸು’ ಇದ್ದರೆ ‘ಬಿಡು’ ಇದೆ: ಹಂಚು ಕಾಯದಿದ್ದರೆ ದೋಸೆ ಬಿಡುವುದಿಲ್ಲ, ತೇವ ಉಳಿದರೆ ಚೂರು ಬಿಡುವುದಿಲ್ಲ. ‘ಛೇದನ’ ಇಟ್ಟುಕೊಂಡರೆ ಆ ಎರಡನೆಯ ಮಾತಿಗೆ ದಾರಿಯೇ ಇಲ್ಲ. ಮೇಲಾಗಿ ‘ಅಡ್ಡಛೇದ’, ‘ಉದ್ದಛೇದ’ ಅಂತ ಸೆಕ್ಷನ್‌ಗೇ ‘ಛೇದ’ ಕೊಟ್ಟಾಗಿದೆ. ‘ಸೂಕ್ಷ್ಮಛೇದನ’ ಅಂದರೆ ಮೈಕ್ರೋಟೋಮ್‌ನ ಕೆಲಸವೋ ಲೇಸರಿನದೋ ತಿಳಿಯುವುದಿಲ್ಲ.

ತೇವದ ಮಾತು ಬಂದದ್ದಕ್ಕೆ: ಸೆಕ್ಷನ್ನಿನ ನೀರು ತೆಗೆಯಲು ಅದ್ದುವ 70, 95, 100 ಶೇಕಡಾ ಎಥನಾಲ್, ಆಮೇಲೆ ಝೈಲೀನ್, ಈ ಸಾಲಿನಲ್ಲಿ ಕೈಕೊಡುವುದು 100ರ ಡಬ್ಬಿ. ಮುಚ್ಚಳ ತೆರೆದಿಟ್ಟರೆ ಗಾಳಿಯ ನೀರು ಹೀರುತ್ತದೆ. ಚೀಟಿಯಲ್ಲಿ 100 ಅಂತ ಇದ್ದರೂ ಒಳಗೆ ಅಷ್ಟಿರುವುದಿಲ್ಲ. ಮಳೆಗಾಲದಲ್ಲಿ ಹೊಸದು ಸುರಿಯುವುದೇ ವಾಸಿ. ಮೈನಸ್ 80ರಲ್ಲಿಟ್ಟ ಸ್ಲೈಡಿನ ಡಬ್ಬಿಯನ್ನು ತಣ್ಣಗಿರುವಾಗಲೇ ತೆರೆದರೆ ಬೆವರು ಕಟ್ಟುತ್ತದೆ. ಆರ್‌ಎನ್‌ಎ ಬೇಕಿದ್ದರೆ ಆ ಬೆವರೇ ಶತ್ರು, ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ ನೀರು ಸಿಕ್ಕ ಕೂಡಲೇ ಎದ್ದು ಕೂರುತ್ತದೆ. ಅಂಥ ಸ್ಲೈಡಿನ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಬೇಕು. ಬೇಸಿಗೆಯ ಒಣ ಗಾಳಿಯಲ್ಲಿ ತೊಂದರೆ ತಿರುವುಮುರುವು: ಚೂರು ಬಿಡುತ್ತದೆ, ಆದರೆ ಸ್ಥಿರ ವಿದ್ಯುತ್ತಿಗೆ ಹಾರಿ ಪಕ್ಕಕ್ಕೆ ಅಂಟುತ್ತದೆ.

ಲೇಸರ್ ಶಕ್ತಿ ಕಡಿಮೆಯಾದರೆ ಗೆರೆಯಲ್ಲಿ ಎಲ್ಲೋ ಒಂದು ಕೊಂಡಿ ಉಳಿದು ಚೂರು ನೇತಾಡುತ್ತದೆ. ಜಾಸ್ತಿಯಾದರೆ ಅಂಚು ಸೀಯುತ್ತದೆ, ಗೆರೆ ಅಗಲವಾಗಿ ಬೇಕಾದ ಕೋಶವೂ ಹೋಗುತ್ತದೆ. ಕವರ್‌ಸ್ಲಿಪ್ ಇಲ್ಲದ್ದರಿಂದ ಚಿತ್ರ ಮಂಕಾಗಿ, ಮರಳು ಮರಳಾಗಿ ಕಾಣುತ್ತದೆ. ಹೊಸಬರು ಅದನ್ನು ಬಣ್ಣದ ತಪ್ಪು ಅಂದುಕೊಂಡು ಮತ್ತೆ ಬಣ್ಣ ಹಾಕಲು ಹೋಗುತ್ತಾರೆ. ಪಕ್ಕದ ಸೆಕ್ಷನ್ನಿಗೆ ಮಾಮೂಲಿನಂತೆ ಕವರ್‌ಸ್ಲಿಪ್ ಹಾಕಿ ಎದುರಿಗಿಟ್ಟುಕೊಂಡು ಗೆರೆ ಎಳೆಯಬೇಕು. ಚೂರು ಬಿದ್ದಿತೋ ಇಲ್ಲವೋ ಅಂತ ಮುಚ್ಚಳವನ್ನೇ ನೋಡಬೇಕು. ಸ್ಲೈಡಿನಲ್ಲಿ ತೂತು ಕಂಡಿತೆಂದು ನಂಬಬಾರದು.

ಎಷ್ಟು ಬೇಕು ಅನ್ನುವುದೂ ಪತ್ರಕ್ಕೆ ಸಂಬಂಧಿಸಿದ್ದೇ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ (ನ್ಯಾನೋಗ್ರಾಂನ ಸಾವಿರದಲ್ಲೊಂದು ಭಾಗವೇ ಪಿಕೋಗ್ರಾಂ) ಡಿಎನ್‌ಎ, ಸಾವಿರ ಕೋಶಕ್ಕೆ ಕಾಗದದ ಮೇಲೆ 6.6 ನ್ಯಾನೋಗ್ರಾಂ. ಆದರೆ ತೆಳು ಸೆಕ್ಷನ್ನಿನಲ್ಲಿ ಎಷ್ಟೋ ನ್ಯೂಕ್ಲಿಯಸ್ ಅರ್ಧಂಬರ್ಧ ಕೊಯ್ದುಹೋಗಿರುತ್ತವೆ, ಫಾರ್ಮಲಿನ್ ಬೇರೆ ಎಳೆಗಳನ್ನು ಮುರಿದಿರುತ್ತದೆ. ಪ್ರೋಟೀನ್ ಕರಗಿಸುವ ಕಿಣ್ವ ಪ್ರೋಟಿನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೂ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಹಾಗಾಗಿ ಒಂದೇ ಬ್ಲಾಕಿನಿಂದ ಹಲವು ಸೆಕ್ಷನ್ ಬೇಕಾಗುತ್ತವೆ. ‘ಉಳಿದ ತುಣುಕನ್ನು ಬಳಸುತ್ತೇವೆ’ ಅನ್ನುವುದು ಪತ್ರದಲ್ಲಿ ಬರಲೇಬೇಕು, ಬ್ಲಾಕ್ ಸವೆದರೆ ಮುಂದೆ ಮರುಪರೀಕ್ಷೆಗೆ ಏನೂ ಉಳಿಯದೆ ಹೋಗಬಹುದು.

ಚಿತ್ರದುರ್ಗದಿಂದ ಮತ್ತೆ:

ಹಾಗಿದ್ದರೆ ಸಾಲು ಹೀಗಿರಲಿ: ‘ಪರೀಕ್ಷೆಗೆಂದು ನಿಮ್ಮ ಬಾಯಿಂದ ಈಗಾಗಲೇ ತೆಗೆದ ತುಣುಕಿನಲ್ಲಿ ಉಳಿದದ್ದನ್ನು ತೆಳುವಾಗಿ ಕತ್ತರಿಸಿ, ಗಂಟಿನ ಜೀವಕೋಶಗಳಷ್ಟನ್ನೇ ಪ್ರಯೋಗಾಲಯದಲ್ಲಿ ಲೇಸರ್ ಯಂತ್ರದಿಂದ ಬಿಡಿಸಿ, ಅವುಗಳ ಡಿಎನ್‌ಎ ಪರೀಕ್ಷಿಸುತ್ತೇವೆ. ಇದರಿಂದ ತುಣುಕು ಪೂರ್ತಿ ಖರ್ಚಾಗಬಹುದು. ಲೇಸರ್ ನಿಮ್ಮ ಮೈಗೆ ತಾಗುವುದಿಲ್ಲ.’

ದಾವಣಗೆರೆಯಿಂದ:

ಸರ್, ‘ಗಂಟಿನ’ ಬದಲು ‘ಕಾಯಿಲೆ ತಗುಲಿದ’ ಅಂತ ಮಾಡಿದ್ದೇನೆ. ಎಷ್ಟೋ ಜನರಿಗೆ ಗಂಟಿಲ್ಲ, ವಾಸಿಯಾಗದ ಹುಣ್ಣಷ್ಟೇ. ‘ಲೇಸರ್ ತಾಗುವುದಿಲ್ಲ’ ಅನ್ನುವ ಸಾಲನ್ನು ಎಲ್ಲಕ್ಕಿಂತ ಮೊದಲು ತಂದೆ. ‘ಲೇಸರ್ ಮೈಕ್ರೋಡಿಸೆಕ್ಷನ್’ ಅನ್ನುವುದು ಕೊನೆಗೆ ಒಂದು ಸಲ ಇದೆ, ಬೇರೆ ಡಾಕ್ಟರಿಗೆ ಪತ್ರ ತೋರಿಸಿ ಕೇಳುವವರಿಗೆ ಬೇಕಾಗುತ್ತದೆ.