ಪಂಚಾಯಿತಿ ಸಿಬ್ಬಂದಿ ಬಿಟ್ಟು ಹೋಗದ ಹಾಗೆ ಗುರಿ ಇಡುವುದು ಹೇಗೆ?

ಕಾಫಿಗಿಡದಡಿ:
ನಮಸ್ಕಾರ. ನಾನು ಸಕಲೇಶಪುರ ಕಡೆಯ ಒಂದು ಗ್ರಾಮ ಪಂಚಾಯಿತಿ ಸದಸ್ಯ, ಮೊದಲ ಸಲ ಗೆದ್ದವನು. ಎರಡು ವರ್ಷದಲ್ಲಿ ನಮ್ಮಲ್ಲಿ ಇಬ್ಬರು ನೀರುಗಂಟಿಗಳು, ಒಬ್ಬ ಡಾಟಾ ಎಂಟ್ರಿ ಹುಡುಗಿ ಕೆಲಸ ಬಿಟ್ಟರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಈಗಿನವರು ಮೂರನೆಯವರು. ಮುಂದಿನ ವರ್ಷದ ಯೋಜನೆ ಬರೆಯಬೇಕು. ಪಂಚಾಯಿತಿಗೆ ಕೊಟ್ಟಿರುವ ಒಂಬತ್ತು ಸುಸ್ಥಿರ ಅಭಿವೃದ್ಧಿ ವಿಷಯಗಳಲ್ಲಿ ಎಂಟನೆಯದು ಉತ್ತಮ ಆಡಳಿತ ಅಲ್ವಾ, ಅದರಡಿ ಸಿಬ್ಬಂದಿ ಬಗ್ಗೆಯೂ ಒಂದು ಗುರಿ ಹಾಕೋಣ ಅಂದೆ. ಸಭೆಯಲ್ಲಿ ನಕ್ಕರು. ಕೊನೆಗೆ ಅಧ್ಯಕ್ಷರು 'ಈ ವರ್ಷ ಯಾರೂ ಕೆಲಸ ಬಿಡಬಾರದು ಅಂತ ಬರೀರಿ, ಮುಗೀತು' ಅಂದರು. ಇದು ಗುರಿನಾ? ಬಿಡುವವರನ್ನು ಹಗ್ಗ ಹಾಕಿ ಕಟ್ಟಬೇಕಾ? ಅನುಭವ ಇರುವವರು ಹೇಳಿ.

ನೀರುಗಂಟಿ ಮಗ:
ನಮ್ಮಪ್ಪ ಆಲೂರು ತಾಲ್ಲೂಕಿನಲ್ಲಿ ನೀರುಗಂಟಿ. ಬೆಳಿಗ್ಗೆ ಐದಕ್ಕೆ ವಾಲ್ವ್ ತಿರುಗಿಸಲು ಹೊರಡುತ್ತಾರೆ, ದಾರಿಯಲ್ಲಿ ಆನೆ ಇದೆಯಾ ಅಂತ ವಾಟ್ಸಾಪ್ ಗುಂಪಿನಲ್ಲಿ ನೋಡಿಕೊಂಡು. ಟಾರ್ಚ್, ರೈನ್‌ಕೋಟ್ ಎರಡೂ ಸ್ವಂತ ದುಡ್ಡಿನವು. ಅಕ್ಕನ ಮದುವೆ ಹಿಂದಿನ ದಿನ ಚಪ್ಪರದಿಂದ ಎದ್ದು ಮೋಟರ್ ಹಾಕಲು ಹೋದರು, ಯಾಕೆಂದರೆ ಅವರ ಬದಲಿಗೆ ಇನ್ನೊಬ್ಬ ಮನುಷ್ಯ ಅಂತ ಆ ಪಂಚಾಯಿತಿಯಲ್ಲಿ ಇಲ್ಲವೇ ಇಲ್ಲ. ತೋಟದಲ್ಲಿ ವಾರಕ್ಕೊಮ್ಮೆ ಬಟವಾಡೆ. ಇಲ್ಲಿ ಒಮ್ಮೊಮ್ಮೆ ಮೂರು ತಿಂಗಳಾದರೂ ಸಂಬಳ ಇಲ್ಲ. ಕಾಫಿ ಹಣ್ಣು ಕೀಳುವ ಕಾಲಕ್ಕೆ ಯಾರು ಉಳಿಯುತ್ತಾರೆ ಹೇಳಿ. ವಾರಕ್ಕೊಂದು ರಜೆ, ಆ ದಿನಕ್ಕೆ ಬದಲಿ ಆಳು. ಮೊದಲು ಇದನ್ನು ಬರೀರಿ.

ಹಳೇ ಕಾರ್ಯದರ್ಶಿ:
ಮೇಲಿನವರು ಹೇಳಿದ್ದು ಸರಿ. ಆದರೆ ದುಡ್ಡು ಎಲ್ಲಿಂದ ಅಂತ ಸದಸ್ಯರಿಗೆ ಮೊದಲು ಗೊತ್ತಿರಲಿ. ಕೇಂದ್ರದ 15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40 ಮುಕ್ತ ನಿಧಿ ಅಂತಿದ್ದರು, ಅದರಲ್ಲೂ ಸಂಬಳ ಕೊಡುವ ಹಾಗಿರಲಿಲ್ಲ. ಸಂಬಳಕ್ಕೆ ಇರುವುದು ಸರ್ಕಾರದ ಶಾಸನಬದ್ಧ ಅನುದಾನ ಮತ್ತು ನಿಮ್ಮ ಮನೆ ಕಂದಾಯ, ನೀರಿನ ಕಂದಾಯ. ಕಂದಾಯ ವಸೂಲಿಗೆ ಹೋದ ಬಿಲ್ ಕಲೆಕ್ಟರ್‌ಗೆ ಸದಸ್ಯರೇ ಫೋನ್ ಮಾಡಿ 'ಅವರು ನಮ್ಮವರು, ಬಿಡಪ್ಪ' ಅಂದರೆ ಮುಂದಿನ ತಿಂಗಳು ಅವನ ಸಂಬಳಕ್ಕೇ ಕತ್ತರಿ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೆ ಲೆಕ್ಕವಿಲ್ಲ.

ಗುರಿ ಅಂದರೆ ಪಂಚಾಯಿತಿ ತಾನು ಮಾಡುತ್ತೇನೆ ಅನ್ನುವುದನ್ನು ಬರೆಯಬೇಕು. ಪ್ರತಿ ತಿಂಗಳು 5ರೊಳಗೆ ಸಂಬಳ. ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಏರಿದರೆ ಅದೇ ತಿಂಗಳಿಂದ ಜಾರಿ, ಯಾರೋ ಅರ್ಜಿ ಹಿಡಿದು ಬರುವ ತನಕ ಕಾಯುವುದಲ್ಲ. ನೇಮಕಕ್ಕೆ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಹಣಾಧಿಕಾರಿ) ಅನುಮೋದನೆ ಸಿಗದೆ ವರ್ಷಗಟ್ಟಲೆ ದುಡಿಯುತ್ತಿರುವವರ ಕಡತ ಇಂತಿಷ್ಟು ದಿನದಲ್ಲಿ ಮೇಲೆ ಹೋಗಬೇಕು. ಬಿಲ್ ಕಲೆಕ್ಟರ್‌ಗೆ ಗ್ರೇಡ್-2 ಕಾರ್ಯದರ್ಶಿಯಾಗಿ ಬಡ್ತಿಗೆ ದಾರಿ ಇದೆ, ಆದರೆ ಅವನ ಸೇವಾ ದಾಖಲೆಯನ್ನೇ ನಾವು ಸರಿಯಾಗಿ ಇಟ್ಟಿರುವುದಿಲ್ಲ!

ಕಡೂರಿನವ:
ಸುಮ್ನೆ ದೊಡ್ಡ ಮಾತು ಯಾಕೆ ಸ್ವಾಮಿ. ಸಂಬಳ ಜಾಸ್ತಿ ಕೊಟ್ಟರೆ ಇರುತ್ತಾರೆ, ಇಲ್ಲಾಂದ್ರೆ ಹೋಗುತ್ತಾರೆ.

ಮೂಡಿಗೆರೆ ಅಕ್ಕ:
ಕಡೂರಿನ ಅಣ್ಣ, ನಾನು ಸಂಬಳಕ್ಕೆ ಬಿಟ್ಟವಳಲ್ಲ. ಒಂದು ಪಂಚಾಯಿತಿಯಲ್ಲಿ ನಾಲ್ಕು ವರ್ಷ ಡಾಟಾ ಎಂಟ್ರಿ ಮಾಡಿದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಯುಪಿಎಸ್ ಕೆಟ್ಟು ವರ್ಷವಾಗಿರುತ್ತದೆ, ಇ-ಸ್ವತ್ತಿಗೆ (ಮನೆ, ನಿವೇಶನದ ಆನ್‌ಲೈನ್ ದಾಖಲೆಗೆ) ಬಂದವರು ಮಧ್ಯಾಹ್ನದ ತನಕ ಕಾದು ಕೊನೆಗೆ ನನ್ನ ಮೇಲೆ ಕೂಗಾಡುತ್ತಾರೆ. ಅನುಮೋದಿಸುವ ಲಾಗಿನ್ ನನ್ನದಲ್ಲ, ಬೈಗುಳ ಮಾತ್ರ ನನ್ನದು. ಒಬ್ಬ ಸದಸ್ಯರು ಎಲ್ಲರ ಎದುರು ಏಕವಚನದಲ್ಲಿ ಬೈದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಮಾರನೇ ವಾರ ಬಿಟ್ಟೆ. ಯುಪಿಎಸ್ ರಿಪೇರಿ ಮತ್ತು ಸದಸ್ಯರ ಬಾಯಿ, ಎರಡನ್ನೂ ಗುರಿಯಲ್ಲಿ ಸೇರಿಸಿ.

ಬಯಲಿಂದ ಬಂದವ:
ನಾನು ವಿಜಯಪುರದವನು. ಕೊಪ್ಪ ಕಡೆ ಪಿಡಿಒ ಆಗಿದ್ದೆ. ಜೂನ್‌ನಲ್ಲಿ ಬಂದೆ, ಬಾಡಿಗೆಗೆ ಮನೆ ಸಿಗಲಿಲ್ಲ, ಹಾಸಿಗೆ ಬಟ್ಟೆಗೆಲ್ಲ ಬೂಷ್ಟು, ಮೇಲೆ ಪಕ್ಕದ ಪಂಚಾಯಿತಿಯ ಪ್ರಭಾರ ಬೇರೆ. ಆಗಸ್ಟ್‌ಗೆ ವರ್ಗಾವಣೆ ಅರ್ಜಿ ಬರೆದಿಟ್ಟುಕೊಂಡಿದ್ದೆ. ಆಮೇಲೆ ಅಧ್ಯಕ್ಷರಾಗಿದ್ದ ಅಮ್ಮ ತಾವೇ ಓಡಾಡಿ ಒಂದು ಮನೆ ಮಾಡಿಸಿಕೊಟ್ಟರು. ಅರ್ಜಿ ಕೊಡಲಿಲ್ಲ, ಮೂರು ವರ್ಷ ಇದ್ದೆ. ಪಿಡಿಒ ವರ್ಗಾವಣೆ ನಿಮ್ಮ ಕೈಯಲ್ಲಿಲ್ಲ, ಮನೆ ಹುಡುಕಿ ಕೊಡುವುದು ಇದೆ.

ಕಾಫಿಗಿಡದಡಿ:
ಎಲ್ಲರಿಗೂ ಥ್ಯಾಂಕ್ಸ್. ಅಧ್ಯಕ್ಷರ ಸಾಲು ತೆಗೆಸುತ್ತೇನೆ. ಸಂಬಳದ ತಾರೀಕು, ಬದಲಿ ನೀರುಗಂಟಿ, ಯುಪಿಎಸ್, ಟಾರ್ಚ್, ರೈನ್‌ಕೋಟ್ ಬರೆದಿದ್ದೇನೆ. ಪ್ರತಿ ಸಾಮಾನ್ಯ ಸಭೆಯಲ್ಲಿ ಎಷ್ಟು ಜನರಿಗೆ ಎಷ್ಟು ದಿನದ ಸಂಬಳ ಬಾಕಿ ಅಂತ ಗಟ್ಟಿಯಾಗಿ ಓದಬೇಕು ಅಂತಲೂ ಸೇರಿಸಿದೆ. ಸದಸ್ಯರ ಬಾಯಿ ವಿಷಯ ಹೇಗೆ ಬರೆಯುವುದು ಅಂತ ಇನ್ನೂ ತಿಳಿದಿಲ್ಲ ಅಕ್ಕ, ನಾನೂ ಒಮ್ಮೆ ಹಾಗೆ ಕೂಗಾಡಿದವನೇ.

ಬಿಟ್ಟು ಹೋದ ನೀರುಗಂಟಿಗಳಿಗೆ ಈಗ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು 'ಗುರಿ ಆಮೇಲೆ ಇಡಿ ಸಾರ್, ಎರಡು ತಿಂಗಳ ಬಾಕಿ ಇದೆ, ಅದನ್ನು ಮೊದಲು ಹಾಕಿಸಿ' ಅಂದರು.